ಎಂಆರ್‌ಐ ಒಳಗೆ ಹೋಗೋ ಕ್ಯಾಥೆಟರ್ ಮಾಡೋಕೆ ಹೋಗಿ ನಾನು ಪಟ್ಟ ಪಾಡು

ನನ್ನ ಕೆಲಸ ಏನು ಅಂತ ಅಮ್ಮಂಗೆ ಅರ್ಥ ಮಾಡಿಸೋಕೆ ನಂಗೆ ಎರಡು ವರ್ಷ ಹಿಡೀತು. ಪ್ರತಿ ಭಾನುವಾರ ಫೋನಲ್ಲಿ ಅದೇ ಮಾತು, "ಅಲ್ಲ ಕಣೇ, ಎಲೆಕ್ಟ್ರಾನಿಕ್ಸ್ ಓದ್ಕೊಂಡು ಆಸ್ಪತ್ರೆ ಪೈಪು ಮಾಡ್ತೀನಿ ಅಂತೀಯ, ಅಷ್ಟಕ್ಕೆ ಅಮೆರಿಕಾವರೆಗೂ ಹೋಗ್ಬೇಕಿತ್ತಾ" ಅಂತ. ಕೊನೆಗೆ ಒಂದಿನ ಹೊಳೀತು, "ಅಮ್ಮ, ಲಂಗಕ್ಕೆ ಲಾಡಿ ಹಾಕ್ವಾಗ ಬರೀ ಲಾಡಿ ತಳ್ಳಿದ್ರೆ ಹೋಗತ್ತಾ? ತುದಿಗೆ ಪಿನ್ನು ಸಿಕ್ಕಿಸ್ಕೊಂಡು ತಾನೇ ತಳ್ತೀಯ? ನಾನು ಮಾಡ್ತಿರೋದು ಪಿನ್ನೇ ಇಲ್ದೆ ಲಾಡಿ ಹಾಕೋ ಕೆಲ್ಸ, ಅದೂ ತೊಡೆಯಿಂದ ಹೃದಯದವರೆಗೆ." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಪಿನ್ನು ಯಾಕ್ ಬೇಡ?" ಅಂದ್ಲು.

ಪಿನ್ನು ಯಾಕೆ ಬೇಡ ಅನ್ನೋದಕ್ಕಿಂತ ಮುಂಚೆ ಎಂಆರ್‌ಐ ಯಾಕೆ ಬೇಕು ಅಂತ ಹೇಳ್ಬೇಕು. ನಮ್ಮ ಚಿಕ್ಕಮ್ಮನ ಮೊಮ್ಮಗಂಗೆ ಹುಟ್ಟಿದಾಗ್ಲೇ ಹೃದಯದ ತೊಂದರೆ, ಆರು ವರ್ಷ ತುಂಬೋದ್ರೊಳಗೆ ಮೂರು ಸಲ ಬೆಂಗಳೂರಲ್ಲಿ ಕ್ಯಾಥ್ ಲ್ಯಾಬಿಗೆ ಹೋಗಿ ಬಂದಿದ್ದ. ಕ್ಯಾಥ್ ಲ್ಯಾಬ್ ಅಂದ್ರೆ ರಕ್ತನಾಳದೊಳಗಿಂದ ಹೃದಯಕ್ಕೆ ಕ್ಯಾಥೆಟರ್ ಅನ್ನೋ ತೆಳು ಕೊಳವೆ ತಳ್ಳೋ ಕೋಣೆ, ಅಲ್ಲಿ ದಾರಿ ನೋಡೋಕೆ ಎಕ್ಸ್‌ರೇ, ಡಾಕ್ಟ್ರು ನರ್ಸು ಟೆಕ್ನಿಷಿಯನ್ ಎಲ್ಲರೂ ಸೀಸದ ಏಪ್ರನ್ ಹೊತ್ಕೊಂಡು ಗಂಟೆಗಟ್ಲೆ ನಿಂತಿರ್ತಾರೆ, ಮಗುಗೆ ಮಾತ್ರ ಏಪ್ರನ್ ಇಲ್ಲ ನೋಡಿ, ಎಕ್ಸ್‌ರೇ ಬೀಳೋದೇ ಅದರ ಎದೆ ಮೇಲೆ. ಜೊತೆಗೆ ಎಕ್ಸ್‌ರೇಲಿ ಹೃದಯದ ಗೋಡೆ ಸರಿಯಾಗಿ ಕಾಣಲ್ಲ, ಕಾಣೋದು ಲೋಹದ ತಂತಿ ಮತ್ತೆ ಡೈ ಬಿಟ್ಟಾಗ ಒಂದೆರಡು ಸೆಕೆಂಡು ಮೂಡಿ ಹೋಗೋ ನೆರಳು. ಎಂಆರ್‌ಐಲಿ ಮಾಂಸಖಂಡ, ಕವಾಟ, ರಕ್ತ ಎಲ್ಲಾ ಕಾಣತ್ತೆ, ಯಾವ ನಾಳದಲ್ಲಿ ನಿಮಿಷಕ್ಕೆ ಎಷ್ಟು ರಕ್ತ ಹರೀತಿದೆ ಅಂತಾನೂ ಅಳೀಬಹುದು. ಕ್ಯಾಥೆಟರ್ ಒಳಗಿಂದ ಒತ್ತಡ ಅಳೆದು, ಅದೇ ಹೊತ್ತಲ್ಲಿ ಎಂಆರ್‌ಐಯಿಂದ ಹರಿವು ಅಳೆದ್ರೆ ಶ್ವಾಸಕೋಶದ ನಾಳಗಳ ಪ್ರತಿರೋಧ ಎಷ್ಟು ಅಂತ ಲೆಕ್ಕ ಸಿಗತ್ತೆ, ಇಂಥ ಮಕ್ಕಳಿಗೆ ಮುಂದಿನ ಆಪರೇಷನ್ ಮಾಡ್ಬೇಕೋ ಬೇಡ್ವೋ ಅಂತ ತೀರ್ಮಾನ ಆಗೋದರಲ್ಲಿ ಆ ಸಂಖ್ಯೆದು ದೊಡ್ಡ ಪಾಲು. ಲಂಡನ್ನಿನ ರಝಾವಿ ಅವರ ತಂಡ ಎಂಆರ್‌ಐ ನೋಡ್ಕೊಂಡು ಮಕ್ಕಳಿಗೂ ದೊಡ್ಡೋರಿಗೂ ಕ್ಯಾಥೆಟರ್ ಹಾಕಿದ್ದನ್ನ 2003ರಲ್ಲೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬರೆದಿದ್ರು. ನಾನು ಆಗಿನ್ನೂ ಹೈಸ್ಕೂಲು.

ನಾನು ಈ ಕಡೆ ಬಂದಿದ್ದೇ ಆಕಸ್ಮಿಕ. ಮಿನ್ನೆಸೋಟಾದಲ್ಲಿ ಆಂಟೆನಾ ಮೇಲೆ ಮಾಸ್ಟರ್ಸ್ ಮಾಡ್ತಿದ್ದೆ, ಮೊಬೈಲ್ ಕಂಪನಿಲಿ ಕೆಲಸ ಸಿಗತ್ತೆ ಅಂತ ಲೆಕ್ಕಾಚಾರ. ಪೇಸ್‌ಮೇಕರ್ ಕಂಪನಿ ಮೆಡ್ಟ್ರಾನಿಕ್ 1949ರಲ್ಲಿ ಒಂದು ಗ್ಯಾರೇಜಲ್ಲಿ ಶುರುವಾಗಿದ್ದು ಇದೇ ರಾಜ್ಯದ ಮಿನಿಯಾಪೊಲಿಸ್ ಊರಲ್ಲಿ, ಹಾಗಾಗಿ ಇಲ್ಲಿ ಸುತ್ತಮುತ್ತ ಎಲ್ಲಿ ಕಲ್ಲೆಸೆದ್ರೂ ವೈದ್ಯಕೀಯ ಸಾಧನ ಮಾಡೋರೇ. ಒಬ್ಬ ಪ್ರೊಫೆಸರ್ ಕರೆದು, ನಮಗೊಂದು ಆಂಟೆನಾ ಸಮಸ್ಯೆ ಇದೆ ಬರ್ತೀಯಾ ಅಂದ್ರು. ಹೋಗಿ ನೋಡಿದ್ರೆ ಟೇಬಲ್ ಮೇಲೆ ಇದ್ದಿದ್ದು ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆ. ಎಲ್ಲಿ ಆಂಟೆನಾ ಅಂದೆ. ಇದೇ, ಆದರೆ ಇದು ಆಂಟೆನಾ ಆಗ್ಬಾರದು, ಅದೇ ನಿನ್ನ ಕೆಲಸ ಅಂದ್ರು.

ಮೊದಲ ವಾರ ಪೂರ್ತಿ ಬ್ಲೇಡ್ ಹಿಡ್ಕೊಂಡು ಮಾಮೂಲಿ ಕ್ಯಾಥೆಟರ್‌ಗಳನ್ನ ಸೀಳಿ ನೋಡಿದ್ದೇ ಆಯ್ತು. ಹೊರಗಿಂದ ನೋಡಿದ್ರೆ ಸಲೈನ್ ಪೈಪಿನ ತಮ್ಮ ಅನ್ಸತ್ತೆ, ಎರಡು ಮಿಲಿಮೀಟರ್ ಕೂಡ ದಪ್ಪ ಇಲ್ಲ, ಆದರೆ ಒಳಗೆ ಮೂರು ಪದರ. ತೀರಾ ಒಳಗೆ ಟೆಫ್ಲಾನ್ ಲೈನರ್, ತಂತಿ ಜಾರೋಕೆ. ಅದರ ಮೇಲೆ ಕೂದಲಿಗಿಂತ ತೆಳು ಸ್ಟೀಲ್ ತಂತಿಗಳ ಹೆಣಿಗೆ, ಜಡೆ ಹೆಣೆದ ಹಾಗೆ ಸುತ್ತಲೂ. ಅದರ ಮೇಲೆ ಪೆಬ್ಯಾಕ್ಸ್ ಅನ್ನೋ ಪ್ಲಾಸ್ಟಿಕ್, ಹಿಂದುಗಡೆ ಗಟ್ಟಿ, ತುದಿ ಬರ್ತಾ ಬರ್ತಾ ಮೆತ್ತಗೆ. ಆ ಸ್ಟೀಲ್ ಜಡೆ ಇದ್ಯಲ್ಲ, ಅದರಿಂದಾನೇ ಕ್ಯಾಥೆಟರ್ ಮಾತು ಕೇಳೋದು. ಡಾಕ್ಟ್ರು ಹೊರಗಡೆ ಕಾಲು ಸುತ್ತು ತಿರುಗಿಸಿದ್ರೆ ಒಳಗೆ ತುದಿನೂ ಕಾಲು ಸುತ್ತು ತಿರುಗ್ಬೇಕು. ಇದರೊಳಗೆ ಹೋಗಿ ದಾರಿ ತೋರಿಸೋ ಗೈಡ್‌ವೈರ್ ಇನ್ನೂ ನೇರ, ನಿಕಲ್ ಟೈಟಾನಿಯಂ ಸೇರಿಸಿದ ನಿಟಿನಾಲ್ ತಂತಿ, ಎಷ್ಟು ಬಗ್ಗಿಸಿದ್ರೂ ವಾಪಸ್ ನೆಟ್ಟಗಾಗತ್ತೆ. ಅದೇ ಅಮ್ಮನ ಪಿನ್ನು.

ಈ ಪಿನ್ನು ಎಂಆರ್‌ಐ ಒಳಗೆ ಏನಾಗತ್ತೆ ಅಂದ್ರೆ, ಜನ ಅಂದ್ಕೊಳ್ಳೋದು ಮ್ಯಾಗ್ನೆಟ್ ಎಳೆದುಬಿಡತ್ತೆ ಅಂತ. ಅದೂ ಇದೆ, 2018ರಲ್ಲಿ ಮುಂಬೈ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಸಮೇತ ಒಬ್ಬ ಯುವಕನ್ನ ಯಂತ್ರ ಎಳ್ಕೊಂಡು ಪ್ರಾಣ ಹೋಗಿದ್ದು ನೀವೂ ಓದಿರ್ತೀರ. ಆದರೆ ನಿಟಿನಾಲ್‌ನ ಮ್ಯಾಗ್ನೆಟ್ ಎಳೆಯಲ್ಲ. ನಿಜವಾದ ಕಾಟ ರೇಡಿಯೋ ಅಲೆಯದು. 1.5 ಟೆಸ್ಲಾ (ಟೆಸ್ಲಾ ಅಂದ್ರೆ ಮ್ಯಾಗ್ನೆಟ್ ಬಲದ ಅಳತೆ) ಯಂತ್ರ ಚಿತ್ರ ತೆಗೆಯೋಕೆ 64 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆ ಬಿಡತ್ತೆ, ಎಫ್‌ಎಂ ಬ್ಯಾಂಡಿಗಿಂತ ಸ್ವಲ್ಪ ಕೆಳಗೆ. ನಮ್ಮ ಅಜ್ಜ ತರೀಕೆರೆ ಹತ್ರದ ತೋಟದ ಮನೆಲಿ ಭದ್ರಾವತಿ ಆಕಾಶವಾಣಿ ಸರಿಯಾಗಿ ಬರಲಿ ಅಂತ ಟ್ರಾನ್ಸಿಸ್ಟರಿಂದ ಒಂದು ತಾಮ್ರದ ತಂತಿ ಎಳೆದು ಅಡಿಕೆ ಮರಕ್ಕೆ ಕಟ್ಟಿದ್ರು. ಗೈಡ್‌ವೈರ್ ಮಾಡೋದೂ ಅದನ್ನೇ, ಅಲೆ ಹಿಡಿಯತ್ತೆ. ಗಾಳಿಲಿ ಆ ಅಲೆಯ ಉದ್ದ ನಾಲ್ಕೂವರೆ ಮೀಟರಿಗಿಂತ ಜಾಸ್ತಿ, ಮೈಯೊಳಗೆ ನೀರಂಶ ಇರೋದ್ರಿಂದ ಕುಗ್ಗಿ ಅರ್ಧ ಮೀಟರ್ ಆಸುಪಾಸಿಗೆ ಬರತ್ತೆ, ಅಂದ್ರೆ ತೊಡೆಯಿಂದ ಹೃದಯದವರೆಗಿನ ದೂರದ ಲೆಕ್ಕಕ್ಕೆ ಬಂತು. ಅಳತೆ ಕೂಡಿ ಬಂದ್ರೆ ತಂತಿ ಉದ್ದಕ್ಕೂ ನಿಂತಲೆ (ಮುಂದೆ ಸಾಗದೆ ನಿಂತಲ್ಲೇ ಏರಿಳಿಯೋ ಅಲೆ) ಏಳತ್ತೆ, ಹಿಡಿದ ಶಕ್ತಿ ಪೂರ್ತಿ ತುದಿಲಿ ಬಿಸಿಯಾಗಿ ಹೊರಗೆ ಬರತ್ತೆ. ತುದಿ ಇರೋದು ಹೃದಯದ ಗೋಡೆ ಪಕ್ಕ.

ಪ್ಲಾಸ್ಟಿಕ್ ಸುತ್ತಿ ಮುಚ್ಚಿದ್ರಾಯ್ತಲ್ವಾ ಅಂತ ನಾನೂ ಕೇಳಿದ್ದೆ, ಮೊದಲ ದಿನ ಎಲ್ಲರೂ ಕೇಳೋದೇ ಅದನ್ನ. ಉಳಿದಿದ್ದೆಲ್ಲ ಮುಚ್ಚಿ ತುದಿ ಮಾತ್ರ ತೆರೆದಿದ್ರೆ ಇನ್ನೂ ಕೆಟ್ಟದು, ದಾರಿಲಿ ಎಲ್ಲೂ ಸೋರದೆ ಎಲ್ಲಾ ಅಲ್ಲೇ ಬಂದು ಸುಡತ್ತೆ.

ಹಾಗಾಗಿ ಮೊದಲು ಜಡೆ ಬಿಚ್ಚಿದ್ವಿ. ಸ್ಟೀಲ್ ತೆಗೆದು ಕೆವ್ಲಾರ್ ನೂಲು ಹೆಣೆದು ನೋಡಿದ್ವಿ, ಪೀಕ್ ಅನ್ನೋ ಪ್ಲಾಸ್ಟಿಕ್ ಎಳೆ ಹಾಕಿ ನೋಡಿದ್ವಿ. ಇಲ್ಲಿ ನಂಗೆ ಗುರು ಅಂತ ಸಿಕ್ಕಿದ್ದು ಪ್ರೊಫೆಸರ್ ಅಲ್ಲ, ವಿಯೆಟ್ನಾಂನಿಂದ ಬಂದು ನೆಲೆಸಿದ್ದ ಅರವತ್ತರ ಹತ್ತಿರದ ಒಬ್ಬ ಹೆಂಗಸು, ಮೂವತ್ತು ವರ್ಷ ಕ್ಯಾಥೆಟರ್ ಫ್ಯಾಕ್ಟರಿಗಳಲ್ಲಿ ಕೂತು ಕೈಯಲ್ಲೇ ಮಾಡಿದೋರು. ಸ್ಟೀಲ್ ಕಡ್ಡಿ ಮೇಲೆ ಲೈನರ್ ಎಳೆಯೋದು, ಅದರ ಮೇಲೆ ಹೆಣಿಗೆ, ಅದರ ಮೇಲೆ ಪೆಬ್ಯಾಕ್ಸ್ ತುಂಡುಗಳನ್ನ ಒಂದರ ಪಕ್ಕ ಒಂದು ಮಣಿ ಪೋಣಿಸಿದ ಹಾಗೆ, ಎಲ್ಲದರ ಮೇಲೆ ಶ್ರಿಂಕ್ ಟ್ಯೂಬು. ಆಮೇಲೆ ಬಿಸಿಗಾಳಿ ಮೂತಿ ಮುಂದೆ ನಿಧಾನಕ್ಕೆ ಸರಿಸ್ತಾ ಹೋಗ್ಬೇಕು, ಶ್ರಿಂಕ್ ಟ್ಯೂಬ್ ಮುದುಡಿ ಕರಗಿದ ಪೆಬ್ಯಾಕ್ಸ್‌ನ ಹೆಣಿಗೆ ಸಂದಿಗೆ ಒತ್ತತ್ತೆ. ಬೇಗ ಸರಿಸಿದ್ರೆ ಒಳಗೆ ಗಾಳಿಗುಳ್ಳೆ, ನಿಧಾನ ಮಾಡಿದ್ರೆ ಪ್ಲಾಸ್ಟಿಕ್ ಹಳದಿ ತಿರುಗಿ ಕಡ್ಡಿಗೆ ಅಂಟ್ಕೊಳ್ಳತ್ತೆ. ನಾನು ಗಡಿಯಾರ ಇಟ್ಕೊಂಡು, ಟೆಂಪರೇಚರ್ ಬರ್ಕೊಂಡು, ಹತ್ತಕ್ಕೆ ಏಳು ಹಾಳು ಮಾಡ್ತಿದ್ದೆ. ಅವರು ಗಡಿಯಾರ ನೋಡ್ತಾನೇ ಇರ್ಲಿಲ್ಲ, ಪ್ಲಾಸ್ಟಿಕ್ ಮಂಕಿದ್ದದ್ದು ಫಳ್ ಅಂತ ಗಾಜಿನ ಹಾಗೆ ಹೊಳೆಯೋ ಒಂದು ಕ್ಷಣ ಇದೆ, ಅದನ್ನ ನೋಡಿ ಸರಿಸೋರು. ಎಣ್ಣೆ ಕಾದಿದ್ದು ತಿಳ್ಕೊಳ್ಳೋಕೆ ನಮ್ಮನೇಲಿ ಯಾರಾದ್ರೂ ಥರ್ಮಾಮೀಟರ್ ಇಡ್ತಾರಾ, ಹಾಗೆ. ನಂಗೆ ಆ ಕಣ್ಣು ಬರೋಕೆ ಆರು ತಿಂಗಳಾಯ್ತು.

ಪ್ಲಾಸ್ಟಿಕ್ ಜಡೆಯ ಕ್ಯಾಥೆಟರ್ ಬಿಸಿ ಆಗಲ್ಲ, ಸರಿ. ಆದರೆ ಮಾತೂ ಕೇಳಲ್ಲ! ಹಿಂದೆ ತಿರುಗಿಸಿದ್ರೆ ತುದಿ ಸುಮ್ಮನೆ ಕೂತಿರತ್ತೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ತಿರುಗಿಸ್ತಾ ಹೋದ್ರೆ ಇದ್ದಕ್ಕಿದ್ದಂಗೆ ಚಾಟಿ ಬೀಸಿದ ಹಾಗೆ ಮುಕ್ಕಾಲು ಸುತ್ತು ಹೊಡೆಯತ್ತೆ. ಗಾಜಿನ ಹೃದಯದ ಮಾದರಿಲಿ ಇದನ್ನ ಪರೀಕ್ಷೆ ಮಾಡಿದ ಡಾಕ್ಟ್ರು ಕೆಳಗಿಟ್ಟು, ಇದನ್ನ ನಾನು ರೋಗಿಗೆ ಹಾಕಲ್ಲ ಅಂದ್ರು, ಎರಡನೇ ಮಾತಿಲ್ಲ.

ಸರಿ ಲೋಹ ಸ್ವಲ್ಪನಾದ್ರೂ ಬೇಕು ಅಂತಾಯ್ತು. ಮ್ಯಾಗ್ನೆಟ್ಟಿಗೆ ಅಂಟಲ್ಲ ಅಂತ ಕ್ಯಾಟಲಾಗಲ್ಲಿ ಬರೆದಿದ್ದ 304 ಸ್ಟೀಲ್ ತಂತಿ ತರಿಸಿ ತುದಿಲಿ ಒಂದು ಪುಟ್ಟ ಸುರುಳಿ ಇಟ್ವಿ. ಸ್ಕ್ಯಾನ್ ರೂಮಿಗೆ ತಗೊಂಡು ಹೋಗ್ತಿದ್ದ ಹಾಗೆ ನನ್ನ ಕೈಯಲ್ಲಿ ನೇತಾಡ್ತಿದ್ದ ತುದಿ ತಾನಾಗೇ ತಿರುಗಿ ಯಂತ್ರದ ಕಡೆ ಮುಖ ಮಾಡ್ತು, ನಾಗರಹಾವಿನ ಹೆಡೆ ಥರ. ಚಿತ್ರದಲ್ಲಂತೂ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ತೂತು, ಹೃದಯವೇ ಮಾಯ. ಕಾರಣ ಆಮೇಲೆ ಗೊತ್ತಾಯ್ತು, 304 ದಪ್ಪಗಿದ್ದಾಗ ಸಾಧು, ಅದನ್ನ ತಣ್ಣಗೆ ಎಳೆದು ಎಳೆದು ಕೂದಲೆಳೆ ಮಾಡೋವಾಗ ಒಳಗಿನ ಹರಳಿನ ಜೋಡಣೆ ಬದಲಾಗಿ ಅಯಸ್ಕಾಂತದ ಗುಣ ಬಂದುಬಿಡತ್ತೆ. ಅವತ್ತಿಂದ ಯಾವ ಕ್ಯಾಟಲಾಗನ್ನೂ ನಂಬದೆ ಪ್ರತಿ ತಂತಿನೂ ದಾರಕ್ಕೆ ಕಟ್ಟಿ ಮ್ಯಾಗ್ನೆಟ್ ಹಿಡಿದು ನೋಡೋ ಚಟ ಅಂಟ್ಕೊಂಡಿದೆ.

ಬಿಸಿ ಪರೀಕ್ಷೆಗೆ ಒಂದು ಅಮೆರಿಕನ್ ಮಾನದಂಡ ಇದೆ, ಎಎಸ್‌ಟಿಎಂ ಎಫ್2182. ಮನುಷ್ಯನ ಮೈ ಬದಲು ಅಕ್ರಿಲಿಕ್ ತೊಟ್ಟಿಲಿ ಜೆಲ್ ತುಂಬ್ಬೇಕು, ಲೀಟರ್ ನೀರಿಗೆ 1.32 ಗ್ರಾಂ ಉಪ್ಪು, 10 ಗ್ರಾಂ ಪಾಲಿಅಕ್ರಿಲಿಕ್ ಆಸಿಡ್ ಪುಡಿ. ಉಪ್ಪು ಮೈಯಷ್ಟೇ ವಿದ್ಯುತ್ ಹರಿಯೋಕೆ, ಪುಡಿ ನೀರು ಅಲ್ಲಾಡಿ ಬಿಸಿ ಹಂಚಿಹೋಗದ ಹಾಗೆ ಗಟ್ಟಿ ಮಾಡೋಕೆ. ಕೇಳೋಕೆ ಸುಲಭ, ಮೊದಲ ಸಲ ನಾನು ಬಕೆಟ್ ನೀರಿಗೆ ಪುಡಿ ಒಟ್ಟಿಗೆ ಸುರಿದೆ, ನಿಂಬೆಹಣ್ಣಿನ ಗಾತ್ರದ ಗಂಟುಗಳು, ಹೊರಗೆ ಲೋಳೆ ಒಳಗೆ ಒಣ ಪುಡಿ, ಎರಡು ಗಂಟೆ ಕಲಕಿದ್ರೂ ಕರಗ್ಲಿಲ್ಲ, ಪೂರ್ತಿ ಚೆಲ್ಲಿದ್ದಾಯ್ತು. ಲ್ಯಾಬಿನ ಹುಡುಗರು ದೊಡ್ಡ ಮಿಕ್ಸರ್ ತರೋಣ ಅಂತ ಚರ್ಚೆ ಮಾಡ್ತಿದ್ರು. ನಂಗೆ ಮನೆಲಿ ಅಂಬಲಿ ಕಾಯಿಸೋದು ನೆನಪಾಯ್ತು, ಬಿಸಿನೀರಿಗೆ ರಾಗಿಹಿಟ್ಟು ಹಾಗೇ ಹಾಕಿದ್ರೆ ಗಂಟೇ ತಾನೆ. ಉಪ್ಪು ಮೊದಲು ಪೂರ್ತಿ ಕರಗಿಸ್ಕೊಂಡು, ಪುಡಿನ ಜರಡಿ ಹಿಡಿದು ಒಂದು ಕೈಯಲ್ಲಿ ಉದುರಿಸ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಹೋದೆ. ಗಂಟು ಪೂರ್ತಿ ಹೋಗ್ಲಿಲ್ಲ, ಆದರೆ ಕಡಲೆಕಾಳಿನಷ್ಟಕ್ಕೆ ಇಳೀತು.

ಈಗ ನನ್ನ ಮರ್ಯಾದೆ ಹೋದ ಕಥೆ. ಬಿಸಿ ಅಳೆಯೋಕೆ ಮಾಮೂಲಿ ಥರ್ಮೋಕಪಲ್ ಇಡೋಕಾಗಲ್ಲ, ಅದೂ ಲೋಹದ ತಂತಿ, ಅದೇ ಆಂಟೆನಾ ಆಗತ್ತೆ. ಗಾಜಿನ ಎಳೆಯ ಪ್ರೋಬ್ ಇರತ್ತೆ, ಬೆಳಕಲ್ಲಿ ಬಿಸಿ ಅಳೆಯೋದು. ನಿಟಿನಾಲ್ ತಂತಿನ ಒಂದೇ ಉದ್ದಕ್ಕೆ ಬಿಡದೆ ತುಂಡು ತುಂಡು ಮಾಡಿ ನಡುವೆ ವಿದ್ಯುತ್ ಹರಿಯದ ಜೋಡಣೆ ಹಾಕಿದ್ರೆ ನಿಂತಲೆ ಏಳಲ್ಲ ಅನ್ನೋದು ಉಪಾಯ, ಅಮೆರಿಕಾ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ, ಬೆಥೆಸ್ಡಾದ ಎನ್‌ಐಎಚ್‌ನ ತಂಡ 2016ರಲ್ಲಿ ಇಂಥ ಗೈಡ್‌ವೈರ್ ಬಗ್ಗೆ ಪ್ರಕಟಿಸಿತ್ತು. ನಾವು ನಮ್ಮ ರೀತಿಲಿ ಅದನ್ನ ಕ್ಯಾಥೆಟರಿಗೆ ತಂದ್ವಿ. ಪರೀಕ್ಷೆ ಮಾಡಿದ್ರೆ ಒಂದು ಡಿಗ್ರಿನೂ ಏರಿಲ್ಲ. ಮತ್ತೆ ಮಾಡಿದ್ರೂ ಇಲ್ಲ. ನಾವು ಹಾಕ್ಕೊಂಡಿದ್ದ ಮಿತಿ 2 ಡಿಗ್ರಿ, ನಾನು ಎರಡು ವಾರ ನೆಲದ ಮೇಲೆ ನಡೀತಿರ್ಲಿಲ್ಲ, ಪ್ರೊಫೆಸರ್ ಸ್ಲೈಡು ರೆಡಿ ಮಾಡು ಅಂದ್ರು. ಸ್ಲೈಡಿಗೆ ಒಂದು ಒಳ್ಳೆ ಫೋಟೋ ಬೇಕು ಅಂತ ಜೆಲ್ ಒಳಗೆ ಟಾರ್ಚ್ ಬಿಟ್ಟು ನೋಡ್ತೀನಿ, ಪ್ರೋಬ್ ಕಟ್ಟಿದ್ದ ದಾರ ಸಡಿಲ ಆಗಿ ಪ್ರೋಬ್ ಮೂತಿ ಕ್ಯಾಥೆಟರ್ ತುದಿಯಿಂದ ಮೂರು ನಾಲ್ಕು ಮಿಲಿಮೀಟರ್ ಹಿಂದೆ ಸರಿದಿದೆ. ಅಷ್ಟೇ. ಸರಿಯಾಗಿ ತುದಿಗೇ ತಾಗಿಸಿ ಕಟ್ಟಿ ಮತ್ತೆ ಸ್ಕ್ಯಾನ್ ಹಾಕಿದ್ರೆ ಪರದೆ ಮೇಲಿನ ಗೆರೆ ಮೂವತ್ತು ಸೆಕೆಂಡಲ್ಲಿ ಹತ್ತು ಡಿಗ್ರಿ ದಾಟಿ ಇನ್ನೂ ಮೇಲೇ ಹೋಗ್ತಿತ್ತು. ರಾತ್ರಿ ಹನ್ನೊಂದೂವರೆ, ಹೊರಗೆ ಮೊಣಕಾಲುದ್ದ ಹಿಮ, ಸ್ಕ್ಯಾನರ್ ರೂಮಿನ ಗಾಜಿನಾಚೆ ನಾನೊಬ್ಬಳೇ. ಬೆಳಿಗ್ಗೆ ಪ್ರೊಫೆಸರ್‌ಗೆ ಹೇಳೋಕೆ ಮೂರು ಸಲ ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಹೇಳಿದ ಮೇಲೆ ಅವರು ಬೈಲಿಲ್ಲ, ಎಷ್ಟು ಉದ್ದ ಜೆಲ್ ಒಳಗಿತ್ತು ಅಂತ ಕೇಳಿದ್ರು. ಅದೂ ಒಂದು ಪಾಠ, ಅದೇ ತಂತಿ 20 ಸೆಂಟಿಮೀಟರ್ ಒಳಗಿದ್ರೆ ಒಂದು ಬಿಸಿ, 30 ಇದ್ರೆ ಇನ್ನೊಂದು, ಹಾಗಾಗಿ ಒಂದು ಅಳತೆ ತೆಗೆದು ಪಾಸು ಅಂತ ಹೇಳೋ ಹಾಗೇ ಇಲ್ಲ, ಸೆಂಟಿಮೀಟರ್ ಸೆಂಟಿಮೀಟರ್ ಒಳಗೆ ತಳ್ಳಿ ಪ್ರತಿ ಸಲ ಅಳೀಬೇಕು. ನಮ್ಮ ಜೋಡಣೆಲಿ ಎರಡು ತುಂಡು ಒಳಗೊಳಗೇ ತಾಗ್ತಿದ್ದದ್ದು ಹೀಗೆ ಅಳೀತಾ ಅಳೀತಾ ಸಿಕ್ತು, ಸರಿ ಮಾಡೋಕೆ ಇನ್ನೊಂದು ಎಂಟು ತಿಂಗಳು.

ಈ ಮಧ್ಯೆ ಕಾಣಿಸೋ ಸಮಸ್ಯೆ ಬೇರೆ. ಪ್ಲಾಸ್ಟಿಕ್ ಎಂಆರ್‌ಐಲಿ ಸರಿಯಾಗಿ ಕಾಣಲ್ಲ, ಎಲ್ಲಿದೆ ಅಂತ ಗೊತ್ತಾಗ್ದೆ ತಳ್ಳೋದು ಹೇಗೆ. ಸುಲಭದ ದಾರಿ ಅಂದ್ರೆ ತುದಿ ಬಲೂನಿಗೆ ನೀರು ಬೆರೆಸಿದ ಗ್ಯಾಡೋಲಿನಿಯಂ, ಅಂದ್ರೆ ಎಂಆರ್‌ಐಲಿ ಎದ್ದು ಕಾಣೋ ಔಷಧ, ತುಂಬೋದು, ಬೆಳ್ಳಗೆ ಚುಕ್ಕಿ ಕಾಣತ್ತೆ (ಜಾಸ್ತಿ ಗಟ್ಟಿ ಮಾಡಿದ್ರೆ ಉಲ್ಟಾ ಕಪ್ಪಾಗತ್ತೆ, ಇದೂ ಮಾಡಿ ನೋಡಿದೀನಿ). ಬಲಗಡೆ ಹೃದಯಕ್ಕೆ ಇದು ಧಾರಾಳ ಸಾಕು, ರಕ್ತದ ಹರಿವಲ್ಲೇ ಬಲೂನು ಮಳೆನೀರಲ್ಲಿ ಕಾಗದದ ದೋಣಿ ತೇಲಿದ ಹಾಗೆ ಶ್ವಾಸಕೋಶದ ಕಡೆ ಹೋಗತ್ತೆ. ಎಡಗಡೆಗೆ ಹೋಗೋದು ಅಂದ್ರೆ ಪ್ರವಾಹಕ್ಕೆ ಎದುರು ಈಜೋದು, ಅಲ್ಲಿ ತಂತಿ ಇಲ್ದೆ ಆಗಲ್ಲ. ಇನ್ನೊಂದು ದಾರಿ ತುದಿಲೇ ಒಂದು ಪುಟ್ಟ ಕಾಯಿಲ್ ಸುತ್ತಿ ಅದನ್ನೇ ರಿಸೀವರ್ ಮಾಡೋದು, ಡುಮೂಲಿನ್ ಅವರ ತಂಡ 1993ರಲ್ಲೇ ಇದನ್ನ ಮಾಡಿ ತೋರಿಸಿತ್ತು. ಮೈಕ್ರೋಸ್ಕೋಪ್ ಕೆಳಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕ್ಬೇಕು, ಕಾಫಿ ಕುಡಿದ ದಿನ ಕೈ ನಡುಗತ್ತೆ ಅಂತ ನಾನು ಬೆಳಗಿನ ಕಾಫಿನೇ ಬಿಟ್ಟಿದ್ದೆ, ಚಿಕ್ಕಮಗಳೂರು ಜಿಲ್ಲೆಯೋಳು! ಟೇಬಲ್ ಮೇಲೆ 64ಕ್ಕೆ ಟ್ಯೂನ್ ಮಾಡಿಟ್ರೆ ಉಪ್ಪುನೀರಿಗೆ ಹಾಕಿದ ತಕ್ಷಣ ಜಾರತ್ತೆ, ಬೆರಳು ಹತ್ರ ತಂದ್ರೆ ಜಾರತ್ತೆ. ಇಷ್ಟೆಲ್ಲ ಮಾಡಿ ಆ ಕಾಯಿಲ್‌ನಿಂದ ಸಿಗ್ನಲ್ ಹೊರಗೆ ತರೋಕೆ ಕ್ಯಾಥೆಟರ್ ಉದ್ದಕ್ಕೂ ಒಂದು ಕೇಬಲ್ ಬೇಕು. ಕೇಬಲ್ ಅಂದ್ರೆ ಮತ್ತೆ ಉದ್ದನೆ ಲೋಹ. ಸುತ್ತಿ ಬಳಸಿ ಅಡಿಕೆ ಮರಕ್ಕೇ ಬಂದ್ವಿ.

ಹಂದಿ ಪ್ರಯೋಗದ ದಿನದ ಬಗ್ಗೆ ಜಾಸ್ತಿ ಬರೆಯಲ್ಲ, ಅಮ್ಮಂಗೆ ಅದನ್ನ ಇವತ್ತಿನವರೆಗೂ ಹೇಳಿಲ್ಲ. ಹಂದಿ ಹೃದಯ ಗಾತ್ರದಲ್ಲಿ ಹತ್ತಿರತ್ತಿರ ನಮ್ಮದರ ಹಾಗೇ, ಸಮಿತಿ ಅನುಮತಿ, ಅರಿವಳಿಕೆ ಎಲ್ಲಾ ಕ್ರಮವಾಗಿ ಆಗತ್ತೆ. ಯಂತ್ರದ ಗದ್ದಲದಲ್ಲಿ ಪಕ್ಕದೋರು ಕೂಗಿದ್ರೂ ಕೇಳಲ್ಲ, ಅವತ್ತು ಹೆಡ್‌ಸೆಟ್ ಕೈ ಕೊಡ್ತು, ಡಾಕ್ಟ್ರು ಕೈಸನ್ನೆ ಮಾಡ್ತಾರೆ, ಗಾಜಿನ ಈಚೆಯಿಂದ ಟೆಕ್ನಿಷಿಯನ್ ಸ್ಲೈಸ್ ಬದಲಾಯಿಸ್ತಾರೆ. ಪರದೆ ಮೇಲೆ ಬೂದು ಬಣ್ಣದ ಹೃದಯ ಸೆಕೆಂಡಿಗೆ ಏಳೆಂಟು ಚಿತ್ರದ ಲೆಕ್ಕದಲ್ಲಿ ಬಡ್ಕೊಳ್ತಿದೆ, ಮಹಾಧಮನಿ ಬಾಗೋ ಕಡೆ ನಮ್ಮ ಕ್ಯಾಥೆಟರ್ ತುದಿಯ ಕಾಯಿಲ್ ಹಸಿರು ಚುಕ್ಕಿಯಾಗಿ ಬಂತು, ಡಾಕ್ಟ್ರು ಹೊರಗೆ ಕಾಲು ಸುತ್ತು ತಿರುಗಿಸಿದ್ರು, ಚುಕ್ಕಿನೂ ತಿರುಗ್ತು. ಚಾಟಿ ಹೊಡೀಲಿಲ್ಲ. ಕವಾಟ ದಾಟಿ ಎಡ ಕುಹರದೊಳಗೆ ಹೋಯ್ತು. ವಿಯೆಟ್ನಾಂ ಅಮ್ಮ ನನ್ನ ಪಕ್ಕದಲ್ಲಿ ನಿಂತಿದ್ರು, ನೋಡಿ, "ಮೂರನೇ ಜೋಡಣೆ ಹತ್ರ ಸ್ವಲ್ಪ ಗಟ್ಟಿಯಾಗಿದೆ, ಮುಂದಿನ ಸಲ ಮೆತ್ತಗಿನ ಪೆಬ್ಯಾಕ್ಸ್ ಹಾಕು" ಅಂದ್ರು.

ಇಷ್ಟಾದ್ಮೇಲೆ ಕಂಪನಿಗಳು ಸಾಲು ನಿಲ್ತವೆ ಅಂದ್ಕೊಂಡಿದ್ದೆ. ಒಂದು ದೊಡ್ಡ ಕಂಪನಿಯೋರು ಬಂದು ನೋಡಿ ಬಹಳ ಚೆನ್ನಾಗಿದೆ ಅಂದು, ವರ್ಷಕ್ಕೆ ಎಷ್ಟು ಮಾರಾಟ ಆಗತ್ತೆ ಅಂತ ಕೇಳಿದ್ರು. ಎಂಆರ್‌ಐಲಿ ಕ್ಯಾಥೆಟರ್ ಹಾಕೋ ಆಸ್ಪತ್ರೆಗಳೇ ಬೆರಳೆಣಿಕೆ. ಆಸ್ಪತ್ರೆಯೋರನ್ನ ಕೇಳಿದ್ರೆ ಸಾಧನಗಳೇ ಇಲ್ವಲ್ಲ, ಹೇಗೆ ಶುರು ಮಾಡೋದು ಅಂತಾರೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಹಾಗಂತ ಯಾರೂ ಮಾಡೇ ಇಲ್ಲ ಅಂತಲ್ಲ, ಇದೇ ಮಿನ್ನೆಸೋಟಾದ ಇಮ್ರಿಕಾರ್ ಕಂಪನಿ ಹೃದಯದ ಲಯದ ತೊಂದರೆಗೆ ಎಂಆರ್‌ಐ ಒಳಗೇ ಲಯ ತಪ್ಪಿಸೋ ಜಾಗನ ಸುಡೋ ಕ್ಯಾಥೆಟರ್ ಮಾಡಿ 2020ರಲ್ಲಿ ಯುರೋಪಿನ ಒಪ್ಪಿಗೆ ಪಡೀತು. ಬೇಕಾದ ಕಡೆ ಸುಡ್ಬೇಕು, ಬೇಡದ ಕಡೆ ಬಿಸಿನೇ ಆಗ್ಬಾರದು, ಆ ಎರಡನ್ನೂ ಒಂದೇ ತುದಿಲಿ ಸಾಧಿಸಿದ್ದಕ್ಕೆ ಅವರಿಗೆ ಒಂದು ದೊಡ್ಡ ನಮಸ್ಕಾರ, ಹೊಟ್ಟೆಕಿಚ್ಚಿನ ಸಮೇತ.

ಆದರೆ ನನ್ನ ಹೊಟ್ಟೆ ನಿಜವಾಗ್ಲೂ ಉರಿಸಿದ್ದು 2019ರ ಇನ್ನೊಂದು ಪೇಪರ್. ಅದೇ ಎನ್‌ಐಎಚ್‌ನೋರು, ತಂತಿ ಜೊತೆ ಗುದ್ದಾಡೋದು ಬಿಟ್ಟು ಮ್ಯಾಗ್ನೆಟ್ಟನ್ನೇ ಇಳಿಸಿಬಿಟ್ರು. 1.5 ಟೆಸ್ಲಾ ಯಂತ್ರನ 0.55ಕ್ಕೆ ಇಳಿಸಿ, ಉಳಿದ ಎಲೆಕ್ಟ್ರಾನಿಕ್ಸ್ ಎಲ್ಲಾ ಒಳ್ಳೇದೇ ಇಟ್ಕೊಂಡು ಚಿತ್ರ ತೆಗೆದ್ರು. ಅಲ್ಲಿ ರೇಡಿಯೋ ಅಲೆ 23 ಮೆಗಾಹರ್ಟ್ಸ್ ಆಸುಪಾಸು, ಅಲೆಯ ಉದ್ದ ಜಾಸ್ತಿ ಆಯ್ತು, ಮೈಗೆ ಇಳಿಯೋ ಶಕ್ತಿ ಸುಮಾರು ಏಳು ಪಟ್ಟು ಕಮ್ಮಿ ಆಯ್ತು, ಅಂಗಡಿಲಿ ಸಿಗೋ ಕೆಲವು ಲೋಹದ ಗೈಡ್‌ವೈರನ್ನೇ ಬಳಸಿ ರೋಗಿಗಳಿಗೆ ಕ್ಯಾಥೆಟರ್ ಹಾಕಿದ್ರು. ಓದಿ ಮುಗಿಸಿ ನಾನು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಒಂದು ಸುತ್ತು ನಡೆದು ಬಂದೆ. ಎಲ್ಲಾ ತಂತಿಗೂ ಎಲ್ಲಾ ಸ್ಕ್ಯಾನಿಗೂ ಇದು ಸರಿ ಹೋಗಲ್ಲ, ಆಸ್ಪತ್ರೆಗಳಲ್ಲಿ ಈಗಾಗ್ಲೇ ಕೂತಿರೋ ಯಂತ್ರಗಳೆಲ್ಲ ಹೆಚ್ಚಾಗಿ 1.5 ಮತ್ತೆ 3, ಲೋಹ ಚಿತ್ರ ಕೆಡಿಸೋದಂತೂ ಪೂರ್ತಿ ನಿಂತಿಲ್ಲ, ಇದೆಲ್ಲ ನಂಗೂ ಗೊತ್ತು, ಪ್ರೊಫೆಸರ್ ಕೂಡ ಇದನ್ನೇ ಹೇಳಿ ಸಮಾಧಾನ ಮಾಡಿದ್ರು.

ಭಾನುವಾರ ಅಮ್ಮಂಗೆ ಹೇಳಿದೆ, ಪಿನ್ನು ಇಟ್ಕೊಂಡೇ ಲಾಡಿ ಹಾಕೋ ಹಾಗೆ ಲಂಗಾನೇ ಬೇರೆ ಹೊಲಿದುಬಿಟ್ಟಿದಾರೆ ಕಣಮ್ಮ ಅಂತ. "ಹಂಗಾದ್ರೆ ನಿಂದು?" ಅಂದ್ಲು. ನಮ್ಮದನ್ನೂ ಆ ಯಂತ್ರದಲ್ಲಿ ಹಾಕಿ ನೋಡ್ಬೇಕು, ತುಂಡುಗಳು ಇಷ್ಟು ಚಿಕ್ಕದಿರಬೇಕಾಗಿಲ್ಲ, ಜೋಡಣೆ ಕಮ್ಮಿ ಮಾಡ್ಬಹುದು, ಆಗ ಇನ್ನೂ ಚೆನ್ನಾಗಿ ತಿರುಗತ್ತೆ ಅಂದೆ. ಹೇಳ್ತಾ ಹೇಳ್ತಾನೇ ಗೊತ್ತಾಯ್ತು ನಾನು ಆಗ್ಲೇ ಮನಸ್ಸಲ್ಲಿ ಲೆಕ್ಕ ಹಾಕ್ತಾ ಇದೀನಿ ಅಂತ.

ಮೊನ್ನೆ ಬೇರೆ ಊರಿನ 0.55 ಯಂತ್ರದಲ್ಲಿ ನಾಲ್ಕು ಗಂಟೆ ಸ್ಲಾಟ್ ಸಿಕ್ತು. ಹಿಂದಿನ ರಾತ್ರಿ ಜೆಲ್ ಕಲಸಿದೆ, ಉಪ್ಪು ಮೊದಲು, ಪುಡಿ ಜರಡಿಯಿಂದ. ಒಂದೂ ಗಂಟಾಗ್ಲಿಲ್ಲ. ಪ್ರೋಬ್‌ನ ಮಾತ್ರ ಮೂರು ದಾರ ಹಾಕಿ ಕಟ್ಟಿದೀನಿ.